ಮಾಟದ ಕಥೆ ಓದುವ ಮಗ



ಮನೆಭೇಟಿಗೆಂದು ಶರಣಸಿರಸಗಿಯ ಕಡೆ ಹೋಗಿದ್ದಾಗ ತಾಯಿಯೊಬ್ಬರು ದಪ್ಪನೆಯ ಕಾದಂಬರಿಯೊಂದನ್ನು ತಂದು ನನ್ನ ಮುಂದಿಟ್ಟರು. "ಫಾದರ್, ಇದನ್ನ ನೋಡ್ರಿ. ರಾತ್ರಿ ಹನ್ನೆರಡಾದ್ರೂ ಹುಡುಗ ಕೆಳಗಿಡಂಗಿಲ್ಲ. ಬರೇ ಮಾಟ-ಮಂತ್ರ, ರಾಜನ ಮ್ಯಾಲೆ ದಂಗೆ. ನಮ್ಮ ಮಕ್ಕಳು ಇಂಥಾದ್ದು ಓದಬಹುದೇನ್ರಿ?" ಪಿಯುಸಿ ಓದುವ ಮಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವನ ತಲೆಯ ಮೇಲೆಯೇ, ಬಾಗಿಲ ಚೌಕಟ್ಟಿಗೆ, ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿತ್ತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮಾಟಗಾರರು ಬರುತ್ತಾರೆಂಬ ಒಂದೇ ಕಾರಣಕ್ಕೆ ಪುಸ್ತಕವನ್ನು ಮುಚ್ಚಬೇಕೆಂದರೆ ಪವಿತ್ರ ಬೈಬಲನ್ನೂ ಮುಚ್ಚಬೇಕಾದೀತು. ವಿಮೋಚನಾಕಾಂಡದ 7ನೇ ಅಧ್ಯಾಯದಲ್ಲಿ ಫರೋಹನ ಮಂತ್ರವಾದಿಗಳು ತಮ್ಮ ಕೋಲುಗಳನ್ನು ಸರ್ಪಗಳನ್ನಾಗಿಸುತ್ತಾರೆ. ಆರೋನನ ಕೋಲು ಅವನ್ನೆಲ್ಲ ನುಂಗುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಸಮಾರ್ಯದ ಸಿಮೋನನೆಂಬ ಮಾಟಗಾರನಿದ್ದಾನೆ. ಅವನು ಸ್ನಾನದೀಕ್ಷೆಯನ್ನೇನೋ ಪಡೆದ. ಆದರೆ ಪವಿತ್ರಾತ್ಮರನ್ನು ಕೊಡುವ ಶಕ್ತಿಯನ್ನು ಹಣ ಕೊಟ್ಟು ಕೊಳ್ಳಲು ಹೋಗಿ ಪೇತ್ರರಿಂದ ಗದರಿಸಿಕೊಂಡ. ಸಿಮೋನನ ತಪ್ಪು ಎಲ್ಲಿದೆ? ದೇವರನ್ನು ತನ್ನ ಕೈಯೊಳಗಿನ ಸಾಧನವಾಗಿ ಮಾಡಿಕೊಳ್ಳಲು ಹೊರಟದ್ದರಲ್ಲಿ. ಪ್ರಾರ್ಥನೆಯಲ್ಲಿ ನಾವು ದೇವರ ಕೈಗೆ ನಮ್ಮನ್ನು ಒಪ್ಪಿಸುತ್ತೇವೆ, ಮಾಟದಲ್ಲಿ ದೇವರನ್ನೇ ನಮ್ಮ ಕೈಗೆ ಎಳೆದುಕೊಳ್ಳಲು ನೋಡುತ್ತೇವೆ.

ನಮ್ಮ ನಾಡಿನ ಹಿರಿಯರಿಗೂ ಈ ವಿವೇಕವಿತ್ತು. 15ನೇ ಶತಮಾನದ ಚಾಮರಸ ಕವಿಯ 'ಪ್ರಭುಲಿಂಗಲೀಲೆ'ಯಲ್ಲಿ ಗೋರಕ್ಷನೆಂಬ ಸಿದ್ಧ ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದಾನೆ. ಅಲ್ಲಮಪ್ರಭು ಕತ್ತಿಯಿಂದ ಹೊಡೆದರೆ ಠಣ್ ಎಂದು ಸದ್ದಾಗುತ್ತದೆ. ಅದೇ ಕತ್ತಿಯನ್ನು ಗೋರಕ್ಷ ಅಲ್ಲಮನ ಮೇಲೆ ಬೀಸಿದಾಗ ಅದು ಬಯಲಲ್ಲಿ ಹಾಯ್ದಂತೆ ಹಾದು ಹೋಗುತ್ತದೆ, ಸದ್ದೇ ಇಲ್ಲ. ಸದ್ದಾದದ್ದು 'ನಾನು' ಎಂಬುದು ಇನ್ನೂ ಗಟ್ಟಿಯಾಗಿ ಉಳಿದಿದ್ದ ದೇಹದಲ್ಲಿ. ಇದೂ ಅದ್ಭುತ ಕಥೆಯೇ. ಆದರೂ ಓದಿದವನಿಗೆ ಮಾಟದ ಆಸೆ ಹತ್ತುವುದಿಲ್ಲ, ಬಿಡುತ್ತದೆ.

ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಗೆ ದೊಡ್ಡ ದಾರಿ ಹಾಕಿಕೊಟ್ಟ ಟೋಲ್ಕಿನ್ ಕಥೋಲಿಕರು. ಚಿಕ್ಕಂದಿನಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡ ಅವರನ್ನು ಪೋಷಕರಾಗಿ ನೋಡಿಕೊಂಡವರು ಒಬ್ಬ ಧರ್ಮಗುರು. 1954-55ರಲ್ಲಿ ಪ್ರಕಟವಾದ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್'ನಲ್ಲಿ ಎಲ್ಲರನ್ನೂ ಆಳಬಲ್ಲ ಉಂಗುರವೊಂದಿದೆ. ಗ್ಯಾಂಡಾಲ್ಫ್ ಎಂಬ ಮಾಂತ್ರಿಕ ಅದನ್ನು ಕೊಟ್ಟರೂ ಮುಟ್ಟುವುದಿಲ್ಲ. ಒಳ್ಳೆಯದಕ್ಕೆಂದೇ ಬಳಸಲು ಹೋಗಿ ತಾನು ಕೆಡುವೆನೆಂಬ ಭಯ ಅವನಿಗೆ. ಆ ಉಂಗುರ ನಾಶವಾಗುವ ದಿನ ಮಾರ್ಚ್ 25, ನಾವು ಮಾತೆ ಮರಿಯಮ್ಮನವರಿಗೆ ಮಂಗಳವಾರ್ತೆ ಬಂದದ್ದನ್ನು ಆಚರಿಸುವ ದಿನ!

ಎಲ್ಲ ಲೇಖಕರೂ ಟೋಲ್ಕಿನ್ ಅಲ್ಲ, ನಿಜ. ಕ್ರೌರ್ಯವನ್ನೇ ಸವಿಯುವ ಪುಸ್ತಕಗಳೂ ಇವೆ. ಅವನ್ನು ಮಗನ ಕೈಯಿಂದ ತೆಗೆದಿಡಲು ತಾಯಿಗೆ ಹಕ್ಕಿದೆ. ಆದರೆ ತಾಯೀ, ಕಾದಂಬರಿಯ ಮಾಟ ಕಥೆ ಎಂದು ನಿಮ್ಮ ಮಗನಿಗೆ ಗೊತ್ತು. ಬಾಗಿಲ ಮೇಲಿನ ನಿಂಬೆಹಣ್ಣನ್ನು ಮನೆಯವರೆಲ್ಲ ನಂಬಿದ್ದೀರಿ. ಧರ್ಮಸಭೆಯ ಧರ್ಮೋಪದೇಶ ಗ್ರಂಥ, 2117ನೇ ಪರಿಚ್ಛೇದದಲ್ಲಿ, ತಾಯಿತ ಕಟ್ಟಿಕೊಳ್ಳುವುದನ್ನೂ ಖಂಡಿಸುತ್ತದೆ. (ಆ ತಾಯಿ ಇದನ್ನು ಕೇಳಿ ನಕ್ಕರು. ನಿಂಬೆಹಣ್ಣು ಇನ್ನೂ ಅಲ್ಲೇ ಇದೆಯೋ ಏನೋ.)

ಇನ್ನು ದಂಗೆಯ ಮಾತು. ಕಲಬುರಗಿಯಿಂದ ಕಮಲಾಪುರದ ದಾರಿ ಹಿಡಿದು ಹುಮನಾಬಾದಿನತ್ತ ಸಾಗಿದರೆ ಬಸವಕಲ್ಯಾಣ ದೂರವಿಲ್ಲ. ದಂಗೆ, ಹರಿದು ಹಂಚಿಹೋದ ನಿಷ್ಠೆ ಎಂದರೇನೆಂದು ತಿಳಿಯಲು ನಾವು ಕಲ್ಪನೆಯ ರಾಜ್ಯಕ್ಕೇ ಹೋಗಬೇಕಾಗಿಲ್ಲ. 12ನೇ ಶತಮಾನದಲ್ಲಿ ಅಲ್ಲಿ ಬಸವಣ್ಣನವರು ಬಿಜ್ಜಳ ರಾಜನ ಭಂಡಾರಿ. ಅವರ ಮನಸ್ಸು ಮಾತ್ರ ಶರಣರ ಜೊತೆ. ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಸಮಗಾರ ಹರಳಯ್ಯನವರ ಮಗನಿಗೆ ಮದುವೆ ಮಾಡಿಕೊಟ್ಟಾಗ ರಾಜ ಆ ಇಬ್ಬರು ತಂದೆಯರಿಗೂ ಘೋರ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಕೂಡಲಸಂಗಮಕ್ಕೆ ಹೊರಟುಹೋದರು. ಸೇಡು ತೀರಿಸಲು ಜಗದೇವ ರಾಜನನ್ನು ಕೊಂದನಂತೆ. ಆಮೇಲೆ ಶರಣರು ದಿಕ್ಕಾಪಾಲಾದರು. ಸ್ವತಃ ಬಿಜ್ಜಳನೂ ತನ್ನ ಒಡೆಯರಾದ ಚಾಲುಕ್ಯರ ಸಿಂಹಾಸನವನ್ನು ಕಸಿದುಕೊಂಡವನೇ ಎಂಬುದನ್ನು ಮರೆಯಬೇಡಿ. ಹಾಗಾದರೆ ದಂಗೆ ಎದ್ದವರು ಯಾರು? ಗಿರೀಶ ಕಾರ್ನಾಡರ 'ತಲೆದಂಡ', ಲಂಕೇಶರ 'ಸಂಕ್ರಾಂತಿ' ನಾಟಕಗಳು ಕಲ್ಯಾಣದ ಈ ಕಥೆಯನ್ನೇ ಕೆದಕುತ್ತವೆ.

ರಾಜನನ್ನು ಧಿಕ್ಕರಿಸಿದವರೆಲ್ಲ ಒಂದೇ ಅಲ್ಲ. ಜಗದೇವ ಕತ್ತಿ ಹಿಡಿದ. ನಮ್ಮ ಸಂತ ಥಾಮಸ್ ಮೋರ್, ರಾಜ ಎಂಟನೆಯ ಹೆನ್ರಿಯ ಮುಖ್ಯಮಂತ್ರಿಯಂತಿದ್ದವರು, 1532ರಲ್ಲಿ ಅಧಿಕಾರ ಬಿಟ್ಟರು. ಮನಸ್ಸಾಕ್ಷಿಗೆ ವಿರುದ್ಧವಾದ ಪ್ರಮಾಣ ಮಾಡಲೊಪ್ಪದೆ 1535ರಲ್ಲಿ ತಲೆಯನ್ನೇ ಕೊಟ್ಟರು. ಯಾರ ಮೇಲೂ ಕೈಯೆತ್ತಲಿಲ್ಲ.

ಮಗನಿಗೆ ಈ ವ್ಯತ್ಯಾಸ ಹೇಳಿಕೊಡಬೇಕೆಂದರೆ ಪುಸ್ತಕ ಕಸಿದುಕೊಳ್ಳುವ ಬದಲು ಒಂದು ರಾತ್ರಿ ಅವನ ಪಕ್ಕ ಕೂತು ಸಮುವೇಲನ ಮೊದಲನೆಯ ಗ್ರಂಥದ 20ನೇ ಅಧ್ಯಾಯವನ್ನು ಓದಿ. ತಂದೆ ಸೌಲ ದಾವೀದನನ್ನು ಕೊಲ್ಲಬೇಕೆನ್ನುತ್ತಾನೆ. ಮಗ ಯೋನಾತಾನನಿಗೆ ದಾವೀದ ಪ್ರಾಣಮಿತ್ರ. ಹೊಲದಲ್ಲಿ ಬಾಣ ಬಿಟ್ಟು, ಅದೇ ಗುರುತಿನಿಂದ ಗೆಳೆಯನನ್ನು ಎಚ್ಚರಿಸಿ ಪಾರುಮಾಡುತ್ತಾನೆ. ಆಮೇಲೆ ದಾವೀದನ ಬೆನ್ನು ಹತ್ತಿ ಹೋಗುವುದಿಲ್ಲ, ಊರಿಗೆ ಮರಳುತ್ತಾನೆ. ಕೊನೆಗೆ ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ತಂದೆಯಂತೆಯೇ ಸಾಯುತ್ತಾನೆ. ಯೋನಾತಾನ ಮಾಡಿದ್ದು ಸರಿಯೇ ಎಂದು ಮಗನನ್ನು ಕೇಳಿ. ಅವನ ಉತ್ತರ ನಿಮ್ಮದಕ್ಕಿಂತ ಬೇರೆಯಾಗಿದ್ದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ನಾನು ಕೇಳಿದಾಗ ಆ ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಅವ ಅಪ್ಪನ್ನ ಬಿಟ್ಟು ಹೋಗಬಹುದಿತ್ರೀ ಫಾದರ್, ಆದ್ರ ಹೋಗ್ಲಿಲ್ಲ" ಎಂದ. ತಾಯಿ ಚಹಾ ತರಲು ಒಳಗೆ ಹೋದರು.