ಮುಸುಕಿನ ಪ್ರೇಮಿಗಳು

ಬೆಲ್ಜಿಯಂ ದೇಶದ ಚಿತ್ರಕಾರ ರೆನೆ ಮಾಗ್ರಿಟ್ (1898–1967) 1928ರಲ್ಲಿ ಬರೆದ ‘ಪ್ರೇಮಿಗಳು’ ಎಂಬ ತೈಲಚಿತ್ರ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನಾನು ನೋಡಿರುವುದು ಅದರ ಮುದ್ರಿತ ಪ್ರತಿಯನ್ನು ಮಾತ್ರ. ಮೂಲಚಿತ್ರವೂ ದೊಡ್ಡದೇನಲ್ಲ, ಸುಮಾರು 54 ಸೆಂಟಿಮೀಟರು ಎತ್ತರ, 73 ಸೆಂಟಿಮೀಟರು ಅಗಲ. ಗಂಡೊಬ್ಬ, ಹೆಣ್ಣೊಬ್ಬಳು ಚುಂಬಿಸುತ್ತಿದ್ದಾರೆ. ಇಬ್ಬರ ತಲೆಗೂ ಬಿಳಿಯ ಬಟ್ಟೆ ಸುತ್ತಿದೆ. ಇಷ್ಟೇ ವಿಷಯ.

ಅತಿವಾಸ್ತವವಾದಿಗಳೆಂದರೆ ಕನಸಿನ ವಿಕಾರಗಳನ್ನು ಬರೆಯುವವರೆಂದು ನಮ್ಮಲ್ಲಿ ಅನೇಕರ ಭಾವನೆ. ಇಲ್ಲಿ ಅಂಥ ವಿಕಾರವೇನಿದೆ? ಗಂಡಸು ಕಪ್ಪು ಕೋಟು ತೊಟ್ಟು ಟೈ ಕಟ್ಟಿದ್ದಾನೆ. ಹೆಂಗಸಿನದು ತೋಳಿಲ್ಲದ ಕೆಂಪು ಉಡುಪು. ಹಿಂದೆ ಸಾಧಾರಣವಾದೊಂದು ಕೋಣೆಯ ಗೋಡೆ. ಬಟ್ಟೆಯೂ ಮನೆಯಲ್ಲಿ ದೊರೆಯುವಂಥದೇ. ಅದರ ಒಂದೊಂದು ಮಡಿಕೆಯನ್ನೂ ಚಿತ್ರಕಾರ ನಿಧಾನವಾಗಿ, ಶ್ರದ್ಧೆಯಿಂದ ತಿದ್ದಿದ್ದಾನೆ. ಪರಿಚಿತ ವಸ್ತುಗಳನ್ನು ಹೊಂದದ ಕಡೆ ಒಟ್ಟುಗೂಡಿಸಿ, ಅವುಗಳ ಪರಿಚಯವನ್ನೇ ತಪ್ಪಿಸುವುದು ಈತನ ಕ್ರಮ.

ವಿರಹವೆಂದರೆ ನಮಗೆ ನೆನಪಾಗುವುದು ‘ಮೇಘದೂತ’. ಅಲ್ಲಿ ಯಕ್ಷನಿಗೂ ಅವನ ಪ್ರಿಯೆಗೂ ನಡುವೆ ರಾಮಗಿರಿಯಿಂದ ಅಲಕಾನಗರಿಯವರೆಗಿನ ದೂರ. ಆದರೂ ಅವರ ಮನಸ್ಸುಗಳು ಕೂಡಿವೆ. ಮಾಗ್ರಿಟ್‌ನ ಚಿತ್ರದಲ್ಲಿ ದೂರವೆಂಬುದು ಎರಡು ಪದರ ಬಟ್ಟೆಯಷ್ಟೆ. ಇದನ್ನು ದಾಟಿಸಬಲ್ಲ ಮೇಘ ಯಾವುದು?

ಈ ಮುಸುಕಿಗೆ ಕಾರಣ ಹೇಳುವವರು ಉಂಟು. 1912ರಲ್ಲಿ, ಮಾಗ್ರಿಟ್ ಹದಿಮೂರರ ಹುಡುಗನಾಗಿದ್ದಾಗ, ಅವನ ತಾಯಿ ಸಾಂಬ್ರ್ ನದಿಗೆ ಬಿದ್ದು ಪ್ರಾಣ ಕಳೆದುಕೊಂಡಳು. ಶವವನ್ನು ಎತ್ತಿದಾಗ ಅವಳ ಉಡುಪು ಮುಖವನ್ನು ಮುಚ್ಚಿತ್ತಂತೆ. ಈ ಕೊನೆಯ ಮಾತನ್ನು ವಿದ್ವಾಂಸರು ಶಂಕಿಸಿದ್ದಾರೆ. ಚಿತ್ರಕಾರನಿಗೂ ಇಂಥ ವಿವರಣೆ ಒಪ್ಪಿಗೆಯಿರಲಿಲ್ಲ. ನನಗೂ ಇದು ಚಿತ್ರವನ್ನು ನೋಡದಿರುವುದಕ್ಕೆ ಒಂದು ನೆಪವಾಗಿಯೇ ತೋರುತ್ತದೆ. ತಾಯಿಯ ಕಥೆ ಕೇಳಿದೊಡನೆ ಮುಸುಕು ಅವನೊಬ್ಬನದಾಗುತ್ತದೆ, ನಾವು ನಿಶ್ಚಿಂತರಾಗುತ್ತೇವೆ.

ಈಗ ಇದರ ಪ್ರತಿಗಳನ್ನು ಜನ ಮನೆಯ ಗೋಡೆಗೆ ತೂಗುಹಾಕುತ್ತಾರೆ. ದಂಪತಿಗಳಿರುವ ಮನೆಗೆ ಇದು ಅಪಶಕುನವೆಂದು ಮಿತ್ರರೊಬ್ಬರ ವಾದ. ನಾನು ಒಪ್ಪಲಾರೆ. ಮಾಗ್ರಿಟ್ ಯೌವನದಲ್ಲಿ ಗೋಡೆಕಾಗದದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವನು. ಗೋಡೆಯನ್ನು ಮರೆಮಾಚುವ ಅಲಂಕಾರವನ್ನು ಬಲ್ಲವನು. ಈ ಚಿತ್ರ ಆ ಕೆಲಸ ಮಾಡುವುದಿಲ್ಲ. ಒಂದೇ ಸೂರಿನಡಿ ಇಪ್ಪತ್ತು ವರ್ಷ ಬಾಳಿ, ಒಬ್ಬರ ಮುಖವನ್ನೊಬ್ಬರು ಕಾಣದವರನ್ನು ನಾವು ನೋಡಿಲ್ಲವೆ? ಅವರ ಜಗಲಿಯಲ್ಲಿ ತೂಗುವ ನಗುಮುಖದ ಮದುವೆಯ ಫೋಟೋ ಇದಕ್ಕಿಂತ ಸತ್ಯವೆ?

ಅದೇ ವರ್ಷ, ಅದೇ ಹೆಸರಿನಲ್ಲಿ ಬರೆದ ಇನ್ನೊಂದು ಚಿತ್ರ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದೆ. ಅದರಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ, ಫೋಟೋ ತೆಗೆಸಿಕೊಳ್ಳುವವರಂತೆ ನಮ್ಮ ಕಡೆಗೇ ತಿರುಗಿದ್ದಾರೆ. ಹಿಂದೆ ಹಸುರು ಬಯಲು. ಮುಸುಕು ಮಾತ್ರ ಹಾಗೆಯೇ ಇದೆ.