ಮುನ್ನೂರು ರೂಪಾಯಿ ಉಳಿಸಲು ಹೋಗಿ

2023ರ ಗೌರಿ ಹಬ್ಬದ ಹಿಂದಿನ ದಿನ ಚಕ್ಕುಲಿ ಕಡಿಯುವಾಗ ಕೆಳದವಡೆಯ ಬಲಗಡೆ ಒಂದು ಹಲ್ಲು ಅಲುಗಾಡಿತು. ಅದು ನನ್ನ ಸ್ವಂತ ಹಲ್ಲು. ಐದು ವರ್ಷಗಳಿಂದ ಹಲ್ಲುಸೆಟ್ಟಿನ ತಂತಿ ಕೊಕ್ಕೆಗೆ ಆಸರೆಯಾಗಿದ್ದದ್ದು ಅದೇ. ಹಬ್ಬ ಮುಗಿಸಿ ವೈದ್ಯರ ಹತ್ತಿರ ಹೋದೆ. ಎಕ್ಸ್‌ರೇ ನೋಡಿ ಅವರು ಹೇಳಿದರು: "ಬೇರಿನ ಹತ್ರ ಪೂರ್ತಿ ಹುಳುಕಾಗಿದೆ ಸರ್, ಸುತ್ತಲಿನ ಮೂಳೆನೂ ಇಳಿದಿದೆ. ಇದನ್ನ ಉಳಿಸೋಕಾಗಲ್ಲ. ಎರಡು ವರ್ಷ ಮುಂಚೆ ತೋರಿಸಿದ್ರೆ ಒಂದು ಫಿಲ್ಲಿಂಗ್‌ನಲ್ಲಿ ಮುಗೀತಿತ್ತು."

ಈ ಅಂಕಣದಲ್ಲಿ ಸಾಲ, ಠೇವಣಿ, ವಿಮೆ ಎಂದು ಬೇರೆಯವರ ಲೆಕ್ಕ ತಿದ್ದುತ್ತಾ ಬಂದಿದ್ದೇನೆ. ಈ ವಾರ ನನ್ನದೇ ತಪ್ಪು ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

2018ರಲ್ಲಿ ನನಗೆ 54. ಬಲಗಡೆ ಎರಡು, ಎಡಗಡೆ ಒಂದು ದವಡೆ ಹಲ್ಲು ಹೋಗಿದ್ದವು. ದಾವಣಗೆರೆಯವನಾಗಿ ಮಂಡಕ್ಕಿ ತಿನ್ನಲಾಗದ ಸ್ಥಿತಿ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೆ. ಇಂಪ್ಲಾಂಟ್‌ಗೆ ಲಕ್ಷದ ಹತ್ತಿರ ಹೇಳಿದರು. ಆ ವರ್ಷ ಮಗಳ ಇಂಜಿನಿಯರಿಂಗ್ ಫೀ ಕಟ್ಟಬೇಕಿತ್ತು. ತೆಗೆದು ಹಾಕುವ ಅಕ್ರಿಲಿಕ್ ಸೆಟ್ಟು 4,500ಕ್ಕೆ ಆಗುತ್ತದೆ ಎಂದಾಗ ಒಪ್ಪಿಕೊಂಡೆ. ಆ ನಿರ್ಧಾರ ಸರಿಯಾಗಿಯೇ ಇತ್ತು, ಇವತ್ತೂ ಹಾಗೇ ಹೇಳುತ್ತೇನೆ. ತಪ್ಪಿದ್ದು ಆಮೇಲೆ. ಮೊದಲ ತಿಂಗಳು ಎರಡು ಸಲ ಹೋಗಿ ಒತ್ತುತ್ತಿದ್ದ ಜಾಗವನ್ನು ಉಜ್ಜಿಸಿಕೊಂಡು ಬಂದೆ. ಆರು ತಿಂಗಳಿಗೊಮ್ಮೆ ಬನ್ನಿ ಎಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದರು. ತೋರಿಸಲು ಫೀ 300. ನೋವಿಲ್ಲ, ರಕ್ತ ಬರುತ್ತಿಲ್ಲ, ಚೆನ್ನಾಗಿ ಅಗಿಯುತ್ತಿದ್ದೇನೆ. ಸುಮ್ಮನೆ ಬಾಯಿ ತೆರೆದು ತೋರಿಸುವುದಕ್ಕೆ 300 ಯಾಕೆ ಎಂದುಕೊಂಡೆ. ಐದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ನನಗೆ ಆಗ ತಿಳಿಯದ ಸಂಗತಿ ಇದು: ಸೆಟ್ಟು ಮಾಡಿಸಿದ ದಿನ ಹೇಗಿತ್ತೋ ಹಾಗೇ ಇರುತ್ತದೆ, ದವಡೆ ಹಾಗೇ ಇರುವುದಿಲ್ಲ. ಹಲ್ಲು ಕಿತ್ತ ಜಾಗದ ಮೂಳೆ ವರ್ಷ ವರ್ಷವೂ ಸವೆಯುತ್ತಾ ಹೋಗುತ್ತದೆ, ಮೇಲಿನ ದವಡೆಗಿಂತ ಕೆಳಗಿನದ್ದು ಹೆಚ್ಚು. ಕೆಳಗೆ ಆಧಾರ ಕುಸಿದಂತೆ ಸೆಟ್ಟು ಅಲುಗತೊಡಗುತ್ತದೆ. ಪ್ರತಿ ತುತ್ತಿಗೂ ಕೊಕ್ಕೆ ಪಕ್ಕದ ಹಲ್ಲನ್ನು ಸ್ವಲ್ಪ ಸ್ವಲ್ಪ ಎಳೆಯುತ್ತದೆ. ಕೊಕ್ಕೆಯ ಅಡಿಯಲ್ಲಿ ಊಟದ ಚೂರು ನಿಂತು ಅಲ್ಲೇ ಹುಳುಕು ಶುರುವಾಗುತ್ತದೆ. ಆರಂಭದಲ್ಲಿ ಇದಾವುದೂ ನೋಯುವುದಿಲ್ಲ. ನೋವು ಬಂದ ಮೇಲೆ ಹೋದರಾಯಿತು ಎನ್ನುವವರು ಹೋಗುವ ಹೊತ್ತಿಗೆ ಹಲ್ಲು ಕೈಬಿಟ್ಟಿರುತ್ತದೆ.

ನಾಲ್ಕನೆಯ ವರ್ಷಕ್ಕೆ ನನ್ನ ಸೆಟ್ಟು ಸಡಿಲವಾಯಿತು. ವೈದ್ಯರ ಬದಲು ಮೆಡಿಕಲ್ ಶಾಪಿಗೆ ಹೋದೆ. ಹಲ್ಲುಸೆಟ್ಟು ಅಂಟಿಸುವ ಕ್ರೀಮ್ ಕೊಟ್ಟರು, ಟ್ಯೂಬಿಗೆ 230 ರೂಪಾಯಿ. ಹದಿನಾಲ್ಕು ಟ್ಯೂಬ್ ಮುಗಿಸಿದೆ. ಈ ಅಂಟಿನ ಬಗ್ಗೆ ನನಗೆ ಸಿಟ್ಟಿದೆ. ಪೂರ್ತಿ ಸೆಟ್ಟು ಹಾಕಿದವರಿಗೆ ವೈದ್ಯರೇ ಹೇಳಿ ಕೊಟ್ಟರೆ ಆ ಮಾತು ಬೇರೆ. ಕೊಕ್ಕೆಯ ಸೆಟ್ಟು ಸಡಿಲವಾಗುವುದೇ ಒಂದು ಎಚ್ಚರಿಕೆ. ಆ ಎಚ್ಚರಿಕೆಯ ಬಾಯಿ ಮುಚ್ಚಿಸುವುದು ಈ ಕ್ರೀಮಿನ ಕೆಲಸ. ಸೋರುವ ಮಾಳಿಗೆಯ ಕೆಳಗೆ ಬಕೆಟ್ ಇಟ್ಟು ಮನೆ ರಿಪೇರಿಯಾಯಿತು ಎಂದಂತೆ. ಸತು ಬೆರೆಸಿದ ಅಂಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೆ ರಕ್ತದಲ್ಲಿ ತಾಮ್ರ ಕಡಿಮೆಯಾಗಿ ನರಗಳಿಗೆ ಪೆಟ್ಟಾದ ಪ್ರಕರಣಗಳೂ ಇವೆ. ಎರಡು ಟ್ಯೂಬಿನ ದುಡ್ಡಿಗೆ ಒಂದು ತಪಾಸಣೆ ಮುಗಿದು ಕೈಯಲ್ಲಿ ಚಿಲ್ಲರೆ ಉಳಿಯುತ್ತಿತ್ತು.

ಈಗ ಲೆಕ್ಕ. ಹೇಳಿದಂತೆ ನಡೆದುಕೊಂಡಿದ್ದರೆ ಐದು ವರ್ಷಕ್ಕೆ ಹತ್ತು ತಪಾಸಣೆ, 3,000. ವರ್ಷಕ್ಕೊಂದು ಸ್ಕೇಲಿಂಗ್, 900ರಂತೆ 4,500. ಮಧ್ಯದಲ್ಲಿ ಒಮ್ಮೆ ರೀಲೈನ್, ಅಂದರೆ ಸವೆದ ದವಡೆಗೆ ಕೂರುವಂತೆ ಸೆಟ್ಟಿನ ಒಳಭಾಗ ಸರಿಪಡಿಸುವುದು, 2,500. ಒಟ್ಟು 10,000, ವರ್ಷಕ್ಕೆ 2,000. ಅದನ್ನು ಖರ್ಚು ಮಾಡದೆ ಪ್ರತಿ ವರ್ಷದ ಆರಂಭದಲ್ಲಿ ಶೇ 7ರ ಠೇವಣಿಯಲ್ಲಿ ಇಟ್ಟಿದ್ದೆ ಎಂದೇ ಇಟ್ಟುಕೊಳ್ಳಿ. ಮೊದಲ 2,000 ಐದು ವರ್ಷಕ್ಕೆ 2,805 ಆಗುತ್ತದೆ, ಕೊನೆಯದು 2,140. ಐದೂ ಸೇರಿ ಸುಮಾರು 12,307. ಅಂದರೆ ತಪಾಸಣೆ ತಪ್ಪಿಸಿ ನಾನು ಗಳಿಸಬಹುದಾಗಿದ್ದ ಬಡ್ಡಿ 2,307 ರೂಪಾಯಿ.

ಕೊಟ್ಟಿದ್ದೆಷ್ಟು? ಅಲುಗಾಡಿದ ಹಲ್ಲು ಕೀಳಿಸಲು 800. ಅದರ ಪಕ್ಕದ ಹಲ್ಲಿಗೆ ರೂಟ್ ಕೆನಾಲ್ ಮತ್ತು ಕ್ಯಾಪ್ 9,500. ವಸಡಿನ ಒಳಗಿನ ಕ್ಲೀನಿಂಗ್ 4,000. ಹಳೆಯ ಸೆಟ್ಟು ಕೂರುತ್ತಿರಲಿಲ್ಲ. ಹೊಸದಾಗಿ ಕ್ರೋಮ್-ಕೋಬಾಲ್ಟಿನ ಕಾಸ್ಟ್ ಸೆಟ್ಟು 16,000. ಅಂಟಿಗೆ 3,220. ಒಟ್ಟು 33,520. ಅಕ್ರಿಲಿಕ್ ಸೆಟ್ಟನ್ನು ಒಂದಲ್ಲ ಒಂದು ದಿನ ಬದಲಿಸಲೇಬೇಕಿತ್ತಲ್ಲ ಎಂದು ನೀವು ಕೇಳಬಹುದು. ಸರಿ, ಅದಕ್ಕೆ 5,000 ಕಳೆಯಿರಿ, 28,520. ಅದರಲ್ಲಿ ಬಡ್ಡಿ ಸಮೇತ 12,307 ಕಳೆದರೂ 16,213 ನನ್ನ ಜೇಬಿನಿಂದ ಸುಮ್ಮನೆ ಹೋಗಿದೆ. ಕಿತ್ತ ಹಲ್ಲಿಗೆ ನಾನು ಬೆಲೆ ಕಟ್ಟಿಲ್ಲ. ಕಟ್ಟಲು ಬರುವುದೂ ಇಲ್ಲ.

ವಿಮೆ ಇದೆಯಲ್ಲ ಎಂದರೆ, ಸಾಮಾನ್ಯ ಆರೋಗ್ಯ ಪಾಲಿಸಿಗಳು ಅಪಘಾತದ ಪೆಟ್ಟು ಬಿಟ್ಟರೆ ಹಲ್ಲಿನ ಖರ್ಚನ್ನು ಭರಿಸುವುದಿಲ್ಲ. 300 ಕೂಡ ಕಷ್ಟ ಎನ್ನುವವರಿಗೆ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗವಿದೆ. ನಮ್ಮ ದಾವಣಗೆರೆಯಲ್ಲೇ ಎರಡು ಕಾಲೇಜುಗಳಿವೆ, ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಸಮಯ ಹೆಚ್ಚು ಹಿಡಿಯಬಹುದು, ದುಡ್ಡು ಕಡಿಮೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಿಸಲು ರಾಜ್ಯ ಸರ್ಕಾರ ತಂದ ದಂತಭಾಗ್ಯ ಯೋಜನೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಉಚಿತವಾಗಿ ಸಿಕ್ಕ ಸೆಟ್ಟಿಗೂ ತಪಾಸಣೆ ಬೇಕೇ ಬೇಕು.

ದುಡ್ಡಿಗಿಂತ ದೊಡ್ಡ ಮಾತು ಅಭ್ಯಾಸದ್ದು. ಸ್ಕೂಟರನ್ನು ಹೇಳಿದ ತಿಂಗಳಿಗೆ ಸರ್ವೀಸಿಗೆ ಬಿಡುತ್ತೇವೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತೇವೆ. ಬಾಯಿಯ ವಿಷಯದಲ್ಲಿ ಮಾತ್ರ ನೋವು ಬರಲಿ ಎಂದು ಕಾಯುತ್ತೇವೆ. ತಪಾಸಣೆಯ ಜೊತೆಗೆ ಮನೆಯಲ್ಲಿ ರೂಢಿಸಿಕೊಳ್ಳಬೇಕಾದದ್ದೂ ಇದೆ. ರಾತ್ರಿ ಸೆಟ್ಟು ತೆಗೆದು ತಣ್ಣೀರಿನಲ್ಲಿ ಇಡಿ, ವಸಡಿಗೂ ಉಸಿರಾಡಲು ಬಿಡುವು ಬೇಕು. ಬಿಸಿನೀರು ಬೇಡ, ಅಕ್ರಿಲಿಕ್ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ, ಗೀರು ಬಿದ್ದು ಕೊಳೆ ಕೂರುತ್ತದೆ; ಮೆತ್ತನೆಯ ಬ್ರಷ್, ಸೋಪುನೀರು ಸಾಕು. ಕೊಕ್ಕೆ ಹಿಡಿದ ಹಲ್ಲನ್ನು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ತಿಕ್ಕಿ. ಸಕ್ಕರೆ ಕಾಯಿಲೆ ಇದ್ದವರು ಆರು ತಿಂಗಳೂ ಕಾಯಬೇಡಿ, ಅವರಲ್ಲಿ ವಸಡಿನ ರೋಗ ಬೇಗ ಏರುತ್ತದೆ.

ಬಾಯಲ್ಲಿ ಉಳಿದಿರುವ ಸ್ವಂತ ಹಲ್ಲುಗಳೇ ಅಸಲು. ನಾನು ಬಡ್ಡಿಯಷ್ಟು ಹಣ ಉಳಿಸಲು ಹೋಗಿ ಅಸಲಿನಲ್ಲಿ ಒಂದನ್ನು ಕಳೆದುಕೊಂಡೆ. ಈಗ ತಿಂಗಳಿಗೆ 200 ರೂಪಾಯಿಯ ಆರ್‌ಡಿ ಇದಕ್ಕೆಂದೇ ಇಟ್ಟಿದ್ದೇನೆ, ಜನವರಿ ಮತ್ತು ಜುಲೈನಲ್ಲಿ ತಪ್ಪದೆ ತೋರಿಸುತ್ತೇನೆ. ನಿಮ್ಮ ಮನೆಯಲ್ಲಿ ಅಪ್ಪನೋ ಅತ್ತೆಯೋ ಇಂಥ ಸೆಟ್ಟು ಹಾಕಿಕೊಂಡಿದ್ದರೆ, ಕೊನೆಯ ಸಲ ವೈದ್ಯರಿಗೆ ತೋರಿಸಿದ್ದು ಯಾವಾಗ ಎಂದು ಇವತ್ತು ಕೇಳಿ. ನೆನಪಿಲ್ಲ ಎಂದರೆ ಈ ವಾರವೇ ಕರೆದುಕೊಂಡು ಹೋಗಿ.