ವಿಡಿಯೋ ಸ್ವಿಚರ್‌ಗೆ ಬರೆದು ಹೇಳುವುದು ಹೇಗೆ?



ಕಳೆದ ವಾರ್ಷಿಕೋತ್ಸವದ ದಿನ ಆದ ಒಂದು ತಪ್ಪಿನಿಂದ ಈ ಪಾಠವನ್ನು ಶುರು ಮಾಡುತ್ತೇನೆ. ತಪ್ಪು ನನ್ನದು.

ಅಂದು ಕೆಳಗಿನ ಸಭಾಂಗಣದಲ್ಲಿ ಜಾಗ ಸಾಲದೆ, ತಾಯಂದಿರಿಗಾಗಿ ಮಹಡಿಯ ಕೊಠಡಿಯಲ್ಲಿ ಟಿವಿ ಇಟ್ಟಿದ್ದೆವು. ವೇದಿಕೆಯ ಕ್ಯಾಮೆರಾದ ಚಿತ್ರ ಅಲ್ಲಿಗೆ ಹೋಗಬೇಕು. ಧ್ವನಿಗೆ ಬೇರೆ ಸ್ಪೀಕರ್ ಇತ್ತು. ಚಿತ್ರವನ್ನು ಹಂಚುವ ಸ್ವಿಚರ್ ಪೆಟ್ಟಿಗೆ ವೇದಿಕೆಯ ಹಿಂದಿನ ಬೀರುವಿನಲ್ಲಿ, ನಾನು ಸಭಾಂಗಣದ ಕೊನೆಯ ಸಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಬಹುಮಾನ ವಿತರಣೆ ಶುರುವಾಗುವಾಗ ನಾನು ಟೈಪ್ ಮಾಡಬೇಕಿದ್ದದ್ದು ನಾಲ್ಕೇ ಅಕ್ಷರ: 2*3! ಅವಸರದಲ್ಲಿ 3*2! ಎಂದು ಒತ್ತಿ, ತಲೆ ಎತ್ತಿ ವೇದಿಕೆ ನೋಡುತ್ತಾ ಕೂತೆ.

ಕಾರ್ಯಕ್ರಮ ಮುಗಿದ ಮೇಲೆ ಹೆಡತಲೆಯಿಂದ ಬಂದಿದ್ದ ಒಬ್ಬ ತಾಯಿ ಮೆಟ್ಟಿಲ ಹತ್ತಿರ ಸಿಕ್ಕರು. "ಸಾರ್, ಮಗಳ ಹೆಸರು ಕೇಳಿಸ್ತು. ಮುಖ ಕಾಣಿಸಲಿಲ್ಲ" ಅಂದರು. ಮಹಡಿಯ ಟಿವಿಯಲ್ಲಿ ಕೊನೆಯವರೆಗೂ ಕಾಲೇಜಿನ ಹೆಸರಿನ ಸ್ಲೈಡ್ ಮಾತ್ರ ನಿಂತಿತ್ತು. ರೆಕಾರ್ಡಿಂಗ್ ಇದೆ, ಕಳಿಸುತ್ತೇನಮ್ಮ ಎಂದೆ. ಸಂಜೆ ತೆರೆದು ನೋಡಿದರೆ ಬಹುಮಾನ ವಿತರಣೆಯ ಭಾಗ ಪೂರ್ತಿ ಖಾಲಿ.

ಯಂತ್ರ ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನೇ ಮಾಡಿತ್ತು, ಏನು ಮಾಡಿದೆ ಎಂದು ಉತ್ತರವನ್ನೂ ಕೊಟ್ಟಿತ್ತು. ಆ ಉತ್ತರ ನನ್ನ ಪರದೆಯ ಮೇಲೇ ಇತ್ತು, ನಾನು ಓದಲಿಲ್ಲ. ನೀವು ಓದುವುದನ್ನು ಕಲಿಯಲಿ ಎಂದು ಈ ಪಾಠ.

ಸ್ವಿಚರ್ ಎಂದರೇನು?

ನಂಜನಗೂಡು, ತಿ. ನರಸೀಪುರದ ಕಡೆಯವರಿಗೆ ಕಬಿನಿ ನಾಲೆ ಗೊತ್ತು. ಯಾವ ತೂಬು ಎತ್ತಿದರೆ ಯಾರ ಗದ್ದೆಗೆ ನೀರು ಎಂಬುದು ನೀರುಗಂಟಿಗೆ ಗೊತ್ತು. ವಿಡಿಯೋ ಸ್ವಿಚರ್ ಕೂಡ ಅಂಥ ನೀರುಗಂಟಿಯೇ. ಒಂದು ಕಡೆ ಚಿತ್ರ ಒಳಗೆ ಬರುವ ಇನ್‌ಪುಟ್‌ಗಳು, ಇನ್ನೊಂದು ಕಡೆ ಚಿತ್ರ ಹೊರಗೆ ಹೋಗುವ ಔಟ್‌ಪುಟ್‌ಗಳು. ಯಾವ ಇನ್‌ಪುಟ್ ಅನ್ನು ಯಾವ ಔಟ್‌ಪುಟ್‌ಗೆ ಬೇಕಾದರೂ ಜೋಡಿಸಬಹುದಾದ ಪೆಟ್ಟಿಗೆಗೆ ಮ್ಯಾಟ್ರಿಕ್ಸ್ ಸ್ವಿಚರ್ ಎನ್ನುತ್ತಾರೆ.

ಅಂದಿನ ನಮ್ಮ ಜೋಡಣೆ ಹೀಗಿತ್ತು:

ಇನ್‌ಪುಟ್ 1: ಲ್ಯಾಪ್‌ಟಾಪ್
ಇನ್‌ಪುಟ್ 2: ವೇದಿಕೆಯ ಕ್ಯಾಮೆರಾ
ಇನ್‌ಪುಟ್ 3: ಪುಸ್ತಕದ ಪುಟ ತೋರಿಸುವ ಕ್ಯಾಮೆರಾ, ಅಂದು ಆಫ್
ಔಟ್‌ಪುಟ್ 1: ಸಭಾಂಗಣದ ಪ್ರೊಜೆಕ್ಟರ್
ಔಟ್‌ಪುಟ್ 2: ರೆಕಾರ್ಡರ್
ಔಟ್‌ಪುಟ್ 3: ಮಹಡಿಯ ಟಿವಿ

ನಾಲೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನೀರು ಹಂಚಿದಷ್ಟೂ ಕಡಿಮೆಯಾಗುತ್ತದೆ, ಚಿತ್ರ ಹಾಗಲ್ಲ. ಒಂದು ಇನ್‌ಪುಟ್ ಅನ್ನು ಮೂರು ಔಟ್‌ಪುಟ್‌ಗೂ ಒಟ್ಟಿಗೆ ಕೊಡಬಹುದು, ಯಾರಿಗೂ ಕೊರತೆಯಾಗದು. ಆದರೆ ಒಂದು ಔಟ್‌ಪುಟ್‌ಗೆ ಒಮ್ಮೆಗೆ ಒಂದೇ ಇನ್‌ಪುಟ್. ಹೊಸದನ್ನು ಜೋಡಿಸಿದ ಕ್ಷಣವೇ ಹಳೆಯದು ಕಳಚುತ್ತದೆ. ನನ್ನ ರೆಕಾರ್ಡಿಂಗ್ ಹಾಳಾದದ್ದು ಹೀಗೆಯೇ. ಕ್ಯಾಮೆರಾಗೆ ಜೋಡಿಸಿದ್ದ ರೆಕಾರ್ಡರ್‌ಗೆ ನಾನೇ ಆಫ್ ಆಗಿದ್ದ ಮೂರನೇ ಇನ್‌ಪುಟ್ ಕೊಟ್ಟಿದ್ದೆ.

ತಂತಿಯಲ್ಲಿ ಹೋಗುವ ಅಕ್ಷರಗಳು

ಪೆಟ್ಟಿಗೆಯ ಗುಂಡಿ ಒತ್ತಲು ಪ್ರತಿ ಸಲವೂ ವೇದಿಕೆಯ ಹಿಂದೆ ಓಡಲಾಗದು. ಅದಕ್ಕಾಗಿ ಸ್ವಿಚರ್‌ನ ಹಿಂಭಾಗದಲ್ಲಿ ಎರಡು ಬಗೆಯ ಬಾಗಿಲುಗಳಿರುತ್ತವೆ.

ಹಳೆಯದು ಸೀರಿಯಲ್ ಪೋರ್ಟ್. ಆರ್‌ಎಸ್-232 ಎಂಬ ಈ ಮಾನದಂಡ 1960ರಷ್ಟು ಹಳೆಯದು. ಕಂಪ್ಯೂಟರ್‌ನ ಒಂಬತ್ತು ಪಿನ್‌ಗಳ ಪೋರ್ಟ್‌ನಲ್ಲಿ ಕೆಲಸಕ್ಕೆ ಮೂರು ಪಿನ್ ಸಾಕು: 2ನೆಯದು ಕೇಳಲು, 3ನೆಯದು ಹೇಳಲು, 5ನೆಯದು ಗ್ರೌಂಡ್. ಒಬ್ಬರು ಹೇಳುವ ತಂತಿ ಇನ್ನೊಬ್ಬರು ಕೇಳುವ ತಂತಿಗೆ ಸೇರಬೇಕು. ಇದು ಅದಲುಬದಲಾದರೆ ಇಬ್ಬರೂ ಮಾತಾಡುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ವೇಗವನ್ನೂ ಎರಡೂ ಕಡೆ ಒಂದೇ ಇಡಬೇಕು. ಸಾಮಾನ್ಯವಾಗಿ ಸೆಕೆಂಡಿಗೆ 9600 ಬಿಟ್, 8 ದತ್ತಾಂಶ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್.

ಹೊಸದು ನೆಟ್‌ವರ್ಕ್ ಪೋರ್ಟ್. ಇಲ್ಲಿ ಸ್ವಿಚರ್‌ಗೆ ಒಂದು ಐಪಿ ವಿಳಾಸ ಇರುತ್ತದೆ, ಆ ವಿಳಾಸದಲ್ಲಿ ಒಂದು ಸಂಖ್ಯೆಯ ಟಿಸಿಪಿ ಪೋರ್ಟ್ ತೆರೆದಿರುತ್ತದೆ. ದಾರಿ ಯಾವುದಾದರೂ ಹೋಗುವ ಸರಕು ಒಂದೇ, ಅಕ್ಷರಗಳು.

ನೀವು ಓದುವ ಆಸ್ಕಿ ಕೋಷ್ಟಕ ಇಲ್ಲಿ ಬಳಕೆಗೆ ಬರುತ್ತದೆ. 2*3! ಎಂದು ಕಳಿಸಿದಾಗ ತಂತಿಯಲ್ಲಿ ಹೋಗುವುದು 50, 42, 51, 33 ಎಂಬ ನಾಲ್ಕು ಸಂಖ್ಯೆಗಳು. ಲೆಕ್ಕ ಮಾಡೋಣ. ಪ್ರತಿ ಅಕ್ಷರಕ್ಕೆ 8 ಬಿಟ್, ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್, ಒಟ್ಟು 10. ನಾಲ್ಕು ಅಕ್ಷರಕ್ಕೆ 40 ಬಿಟ್. 40 ಅನ್ನು 9600ರಿಂದ ಭಾಗಿಸಿದರೆ ಸುಮಾರು 0.0042 ಸೆಕೆಂಡ್. ಕಣ್ಣು ಮಿಟುಕಿಸುವುದರೊಳಗೆ ತಪ್ಪೂ ತಲುಪುತ್ತದೆ, ಸರಿಯೂ ತಲುಪುತ್ತದೆ.

ಆಜ್ಞೆಯ ವ್ಯಾಕರಣ

ಪ್ರತಿ ಕಂಪನಿಗೂ ತನ್ನದೇ ವ್ಯಾಕರಣ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ.

ಎಕ್ಸ್‌ಟ್ರಾನ್ ಕಂಪನಿಯ ಮ್ಯಾಟ್ರಿಕ್ಸ್ ಸ್ವಿಚರ್‌ಗಳಲ್ಲಿ ಇನ್‌ಪುಟ್ ಮೊದಲು, ಔಟ್‌ಪುಟ್ ಆಮೇಲೆ. ನಮ್ಮಲ್ಲಿ ಬಳಸುವ ಕ್ರಮವೂ ಇದೇ.

2*3! ಎಂದರೆ 2ನೇ ಇನ್‌ಪುಟ್‌ನ ಚಿತ್ರ, ಧ್ವನಿ ಎರಡನ್ನೂ 3ನೇ ಔಟ್‌ಪುಟ್‌ಗೆ ಕೊಡು.
2*! ಎಂದರೆ 2ನೇ ಇನ್‌ಪುಟ್ ಅನ್ನು ಎಲ್ಲ ಔಟ್‌ಪುಟ್‌ಗೂ ಕೊಡು.
0*3! ಎಂದರೆ 3ನೇ ಔಟ್‌ಪುಟ್‌ಗೆ ಏನೂ ಬೇಡ, ಕಳಚು.
1*3$ ಎಂದರೆ 1ನೇ ಇನ್‌ಪುಟ್‌ನ ಧ್ವನಿಯನ್ನು ಮಾತ್ರ 3ನೇ ಔಟ್‌ಪುಟ್‌ಗೆ ಕೊಡು.

ಚಿತ್ರವನ್ನು ಮಾತ್ರ ಕಳಿಸುವ ಚಿಹ್ನೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೈಪಿಡಿ ನೋಡದೆ ಊಹಿಸಬೇಡಿ.

ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ವಿಡಿಯೋಹಬ್ ಟಿಸಿಪಿ ಪೋರ್ಟ್ 9990ರಲ್ಲಿ ಕಿವಿಗೊಟ್ಟಿರುತ್ತದೆ. ಅಲ್ಲಿ ಮೊದಲ ಸಾಲಿನಲ್ಲಿ ವಿಷಯದ ಶೀರ್ಷಿಕೆ, ಅಂದರೆ 'ವಿಡಿಯೋ ಔಟ್‌ಪುಟ್ ರೂಟಿಂಗ್' ಎಂಬ ಮಾತನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು ಕೊನೆಗೆ ಕೋಲನ್ ಹಾಕಬೇಕು. ಎರಡನೇ ಸಾಲಿನಲ್ಲಿ ಎರಡು ಸಂಖ್ಯೆ. ಆಮೇಲೆ ಒಂದು ಖಾಲಿ ಸಾಲು. ಈ ಖಾಲಿ ಸಾಲೇ ಪೂರ್ಣವಿರಾಮ. ಅದನ್ನು ಬಿಟ್ಟರೆ ಮಾತು ಇನ್ನೂ ಮುಗಿದಿಲ್ಲವೆಂದು ಯಂತ್ರ ಕಾಯುತ್ತದೆ. ಇಲ್ಲಿ ಔಟ್‌ಪುಟ್ ಮೊದಲು, ಇನ್‌ಪುಟ್ ಆಮೇಲೆ. ಎಣಿಕೆಯೂ ಪೈಥಾನ್ ಪಟ್ಟಿಯಂತೆ ಸೊನ್ನೆಯಿಂದ. ಪೆಟ್ಟಿಗೆಯ ಮೇಲೆ 3 ಎಂದು ಬರೆದದ್ದು ಆಜ್ಞೆಯಲ್ಲಿ 2.

ಅಂದರೆ ಕ್ಯಾಮೆರಾವನ್ನು ಮಹಡಿಯ ಟಿವಿಗೆ ಕೊಡಲು ಒಂದು ಯಂತ್ರಕ್ಕೆ 2*3! ಎನ್ನಬೇಕು, ಇನ್ನೊಂದಕ್ಕೆ 2 1 ಎನ್ನಬೇಕು. ಎರಡರಲ್ಲೂ 2 ಮೊದಲೇ ಬಂದಿದೆ, ಅರ್ಥ ಮಾತ್ರ ಬೇರೆ. ಒಂದರಲ್ಲಿ ಅದು ಇನ್‌ಪುಟ್, ಇನ್ನೊಂದರಲ್ಲಿ ಔಟ್‌ಪುಟ್. ಇದನ್ನು ಬಾಯಿಪಾಠ ಮಾಡಬೇಡಿ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಾಳೆಯ ಮೇಲೆ ಬರೆದು ಅಂಟಿಸಿ.

ಉತ್ತರ ಓದುವುದು

ನೀರುಗಂಟಿಗೆ ಹೇಳಿ ಕಳಿಸಿ ಮನೆಯಲ್ಲಿ ಮಲಗುವ ರೈತ ಇಲ್ಲ. ತೂಬು ಎತ್ತಿದನೇ, ನೀರು ಬದುವಿನವರೆಗೆ ಬಂತೇ ಎಂದು ಹೋಗಿ ನೋಡುತ್ತಾನೆ. ಇಲ್ಲಿಯೂ ನೋಡಬೇಕಾದ್ದು ಮೂರು ಹಂತ.

ಮೊದಲನೆಯದು, ಆಜ್ಞೆ ತಲುಪಿತೇ? ಏನೂ ಉತ್ತರ ಬಾರದಿದ್ದರೆ ತಂತಿ, ವೇಗ, ವಿಳಾಸ ಇವುಗಳಲ್ಲಿ ಯಾವುದೋ ತಪ್ಪಿದೆ.

ಎರಡನೆಯದು, ಯಂತ್ರ ಏನೆಂದು ಅರ್ಥ ಮಾಡಿಕೊಂಡಿತು? ಎಕ್ಸ್‌ಟ್ರಾನ್ ಮಾದರಿಯಲ್ಲಿ 2*3! ಕಳಿಸಿದರೆ 'ಔಟ್ 3, ಇನ್ 2, ಆಲ್' ಎಂಬ ಅರ್ಥದ ಚಿಕ್ಕ ಸಾಲು ಮರಳುತ್ತದೆ. ಇಲ್ಲದ ಇನ್‌ಪುಟ್ ಕೇಳಿದರೆ 'ಇ01', ಅರ್ಥವಾಗದ ಆಜ್ಞೆಗೆ 'ಇ10'. ವಿಡಿಯೋಹಬ್ ಒಪ್ಪಿದರೆ 'ಎಸಿಕೆ', ಒಪ್ಪದಿದ್ದರೆ 'ಎನ್ಎಕೆ' ಎನ್ನುತ್ತದೆ. ನಂತರ ಬದಲಾದ ಜೋಡಣೆಯನ್ನು ಸಂಪರ್ಕದಲ್ಲಿರುವ ಎಲ್ಲರಿಗೂ ತಿಳಿಸುತ್ತದೆ. ಅಂದು ನನ್ನ ಪರದೆಯಲ್ಲಿ 'ಔಟ್ 2, ಇನ್ 3' ಎಂದಿತ್ತು. ದೋಷದ ಸಂದೇಶ ಬರಲಿಲ್ಲ, ಏಕೆಂದರೆ ಯಂತ್ರದ ಮಟ್ಟಿಗೆ ಅದು ದೋಷವೇ ಅಲ್ಲ. ವ್ಯಾಕರಣ ಸರಿಯಿದ್ದ ತಪ್ಪನ್ನು ಯಂತ್ರ ಹಿಡಿಯುವುದಿಲ್ಲ, ಮನುಷ್ಯನೇ ಹಿಡಿಯಬೇಕು.

ಮೂರನೆಯದು, ಕೆಲಸ ನಿಜವಾಗಿ ಆಯಿತೇ? ಇದಕ್ಕೆ ಪ್ರೊಜೆಕ್ಟರ್ ಒಳ್ಳೆಯ ಉದಾಹರಣೆ. ಹಲವು ಕಂಪನಿಗಳ ಪ್ರೊಜೆಕ್ಟರ್‌ಗಳಿಗೆ ಪಿಜೆಲಿಂಕ್ ಎಂಬ ಸಾಮಾನ್ಯ ಭಾಷೆಯಿದೆ. ಟಿಸಿಪಿ ಪೋರ್ಟ್ 4352. 'ಆನ್ ಆಗು' ಎಂದರೆ ಕೂಡಲೇ 'ಓಕೆ' ಎನ್ನುತ್ತದೆ. ಆದರೆ ಓಕೆ ಎಂದರೆ 'ಒಪ್ಪಿದೆ' ಎಂದಷ್ಟೇ, 'ಬೆಳಕು ಬಂತು' ಎಂದಲ್ಲ. ಸ್ವಲ್ಪ ತಡೆದು 'ಹೇಗಿದ್ದೀಯ' ಎಂದು ಮತ್ತೆ ಕೇಳಬೇಕು. 0 ಎಂದರೆ ಆಫ್, 1 ಎಂದರೆ ಆನ್, 2 ಎಂದರೆ ತಣಿಯುತ್ತಿದೆ, 3 ಎಂದರೆ ಇನ್ನೂ ಬಿಸಿಯಾಗುತ್ತಿದೆ. 1 ಬಂದ ಮೇಲೂ ಒಮ್ಮೆ ಪರದೆಯನ್ನು ಕಣ್ಣಾರೆ ನೋಡಿ.

ಈ ಶಿಸ್ತು ಸಭಾಂಗಣಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಪಕ್ಕದ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಟಿವಿ, ಸಂಪರ್ಕ, ಹವಾಮಾನದ ಉಪಗ್ರಹಗಳನ್ನು ಅಲ್ಲಿಂದ ನಿರ್ವಹಿಸುತ್ತಾರೆ. ಪಾಠಗಳನ್ನು ದೂರದ ತರಗತಿಗಳಿಗೆ ತಲುಪಿಸಲೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಕೂಡ ಇಂಥದೇ ಉಪಗ್ರಹವಾಗಿತ್ತು. ಸುಮಾರು 36,000 ಕಿಲೋಮೀಟರ್ ಮೇಲಿರುವ ಯಂತ್ರದ ಬಳಿಗೆ ಏಣಿ ಹಾಕಿ ಹೋಗಲಾಗದು. ಆಜ್ಞೆ ಮೇಲೆ ಹೋಗಲು ಸುಮಾರು 0.12 ಸೆಕೆಂಡ್, ಉತ್ತರ ಕೆಳಗೆ ಬರಲು ಅಷ್ಟೇ ಹೊತ್ತು. ಅಲ್ಲಿಯ ಆಜ್ಞೆಗಳ ರೂಪ ನಮ್ಮ ನಾಲ್ಕು ಅಕ್ಷರಗಳಂತಲ್ಲ. ಆದರೆ ಕ್ರಮ ಇದೇ: ಹೇಳು, ಮರಳಿ ಬಂದ ಮಾಹಿತಿ ಓದು, ಹೇಳಿದ್ದೇ ಆಗಿದೆಯೇ ಎಂದು ಖಚಿತಪಡಿಸಿಕೊ, ಆಮೇಲೆ ಮುಂದಿನದು.

ಬಾಗಿಲಿಗೆ ಬೀಗ

ಬರಹದ ಆಜ್ಞೆಯ ಅನುಕೂಲವೇ ಅದರ ಅಪಾಯವೂ ಹೌದು. ಓದಲು ಸುಲಭ, ಹಾಗಾಗಿ ಕದ್ದು ಓದಲೂ ಸುಲಭ. ಟೆಲ್ನೆಟ್‌ನ 23ನೇ ಪೋರ್ಟ್‌ನಲ್ಲಿ ಹೋಗುವ ಅಕ್ಷರಗಳಿಗೆ ಯಾವ ಮುಸುಕೂ ಇಲ್ಲ, ಪಾಸ್‌ವರ್ಡ್ ಕೂಡ ಬಯಲಲ್ಲೇ ಹೋಗುತ್ತದೆ. ಸ್ವಿಚರ್ ಅನ್ನು ಎಲ್ಲರೂ ಬಳಸುವ ವೈಫೈಗೆ ಸೇರಿಸಿದರೆ, ಮೊಬೈಲ್ ಹಿಡಿದ ಯಾರಾದರೂ ಸಭೆಯ ಮಧ್ಯೆ ಚಿತ್ರ ಬದಲಿಸಬಹುದು. ಆದ್ದರಿಂದ ಇಂಥ ಉಪಕರಣಗಳಿಗೆ ಬೇರೆಯೇ ನೆಟ್‌ವರ್ಕ್ ಇರಲಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಗಲಿ. ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವುದಂತೂ ಬೇಡವೇ ಬೇಡ.

ಯಂತ್ರವಿಲ್ಲದೆ ಅಭ್ಯಾಸ

ಒಂಬತ್ತು ಜನ ಸಾಕು. ಮೂವರು ಇನ್‌ಪುಟ್, ಪ್ರತಿಯೊಬ್ಬರ ಬಳಿ ಒಂದು ಬಣ್ಣದ ಚೀಟಿಗಳು. ಮೂವರು ಔಟ್‌ಪುಟ್. ಒಬ್ಬರು ಸ್ವಿಚರ್. ಒಬ್ಬರು ಇವರೆಲ್ಲರಿಗೂ ಬೆನ್ನು ಹಾಕಿ ಕೂತ ನಿರ್ವಾಹಕ. ಇನ್ನೊಬ್ಬರು ಔಟ್‌ಪುಟ್‌ಗಳ ಪಕ್ಕ ನಿಂತು ನೋಡುವವರು. ನಿರ್ವಾಹಕ 2*3! ಎಂದು ಚೀಟಿ ಬರೆದು ಕೊಡಬೇಕು. ಸ್ವಿಚರ್ ಆದವರು 2ನೇ ಬಣ್ಣದ ಚೀಟಿಯನ್ನು 3ನೇ ಔಟ್‌ಪುಟ್‌ಗೆ ಕೊಟ್ಟು, ಏನು ಮಾಡಿದೆ ಎಂದು ಬರೆದು ಮರಳಿಸಬೇಕು. ನಿರ್ವಾಹಕ ಆ ಉತ್ತರವನ್ನು ಗಟ್ಟಿಯಾಗಿ ಓದಬೇಕು. ನೋಡುವವರು 'ಬಂತು' ಎಂದ ಮೇಲೆಯೇ ಮುಂದಿನ ಚೀಟಿ. ನಡುನಡುವೆ ಸ್ವಿಚರ್ ಬೇಕೆಂದೇ ತಪ್ಪು ಮಾಡಲಿ. ಎಷ್ಟನ್ನು ಹಿಡಿದಿರಿ ಎಂದು ಎಣಿಸಿ.

ಪೈಥಾನ್ ಬಲ್ಲವರು ಲ್ಯಾಬ್‌ನ ಎರಡು ಕಂಪ್ಯೂಟರ್‌ಗಳಲ್ಲಿ ಇದನ್ನೇ ಸಾಕೆಟ್ ಬಳಸಿ ಬರೆಯಬಹುದು. ಒಂದು ಆಜ್ಞೆ ಕಳಿಸುವುದು, ಇನ್ನೊಂದು ಸ್ವಿಚರ್‌ನಂತೆ ಉತ್ತರಿಸುವುದು. ಕಳಿಸುವ ಕಾರ್ಯಕ್ರಮದಲ್ಲಿ ಒಂದು ನಿಯಮ ಇರಲಿ: ಉತ್ತರವನ್ನು ಕೇಳಿದ್ದರ ಜೊತೆ ಹೋಲಿಸಿ, ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

ಪ್ರಶ್ನೆಗಳು

1. 9600 ವೇಗದಲ್ಲಿ 12 ಅಕ್ಷರಗಳ ಉತ್ತರ ಬರಲು ಎಷ್ಟು ಹೊತ್ತು ಬೇಕು?
2. 1*4! ಎಂಬುದನ್ನು ವಿಡಿಯೋಹಬ್‌ನ ಎರಡು ಸಂಖ್ಯೆಗಳಲ್ಲಿ ಬರೆಯಿರಿ.
3. ಪ್ರೊಜೆಕ್ಟರ್ 3 ಎಂದು ಉತ್ತರಿಸಿತು. ನೀವು ಏನು ಮಾಡುತ್ತೀರಿ?
4. 3*2! ಒತ್ತಿದ ಕೂಡಲೇ ನಾನು ಉತ್ತರ ಓದಿದ್ದರೆ, ಎರಡೂ ತಪ್ಪನ್ನು ಸರಿಪಡಿಸಲು ಯಾವ ಎರಡು ಆಜ್ಞೆ ಕಳಿಸಬೇಕಿತ್ತು?

ಉತ್ತರಗಳನ್ನು ನೋಟ್‌ಬುಕ್‌ನಲ್ಲಿ ಬರೆದು ಲ್ಯಾಬ್‌ಗೆ ತನ್ನಿ.

ಮುಂದಿನ ಕಾರ್ಯಕ್ರಮಕ್ಕೆ ಇಬ್ಬರು ಸ್ವಯಂಸೇವಕರು ಬೇಕು. ಒಬ್ಬರು ನನ್ನ ಪಕ್ಕ ಕೂತು ಸ್ವಿಚರ್‌ನ ಉತ್ತರವನ್ನು ಗಟ್ಟಿಯಾಗಿ ಓದಲು, ಇನ್ನೊಬ್ಬರು ಮಹಡಿಯಲ್ಲಿ ತಾಯಂದಿರ ಜೊತೆ ಕೂತು ಟಿವಿ ನೋಡಿ 'ಬಂತು ಸಾರ್' ಎಂದು ಫೋನ್ ಮಾಡಲು. ಆಸಕ್ತರು ಹೆಸರು ಕೊಡಿ. ಈ ಸಲ ಮಕ್ಕಳ ಹೆಸರಿನ ಜೊತೆ ಮುಖವೂ ಮಹಡಿಗೆ ತಲುಪಬೇಕು.